ಡಮರಿಸ್ಕಾಟಾ ಮಿಲ್ಸ್‌ನ ಇಟ್ಟಿಗೆ ಚರ್ಚು

ಅಮೆರಿಕದ ಐರಿಷ್ ಜನರ ಕಥೆಯನ್ನು ಸಾಮಾನ್ಯವಾಗಿ 1845ರ ಆಲೂಗಡ್ಡೆ ಬರದಿಂದಲೇ ಶುರು ಮಾಡುತ್ತಾರೆ. ಹಸಿವು ತಾಳಲಾರದೆ ಹಡಗು ಹತ್ತಿ, ಬಾಸ್ಟನ್, ನ್ಯೂಯಾರ್ಕ್‌ಗಳ ಇಕ್ಕಟ್ಟಿನ ಕೇರಿಗಳಲ್ಲಿ ಬಂದು ಬಿದ್ದವರ ಕಥೆ ಅದು. ಮೇಯ್ನ್ ರಾಜ್ಯದ ನ್ಯೂಕ್ಯಾಸಲ್ ಎಂಬ ಹಳ್ಳಿಗಾಡಿನ ಊರಿಗೆ ಸೇರಿದ ಡಮರಿಸ್ಕಾಟಾ ಮಿಲ್ಸ್‌ನಲ್ಲಿರುವ ಸಂತ ಪ್ಯಾಟ್ರಿಕ್ಕರ ಚರ್ಚು ಈ ಲೆಕ್ಕಕ್ಕೆ ಸಿಗುವುದಿಲ್ಲ. ಬರ ಬರುವುದಕ್ಕೆ ಸುಮಾರು ನಾಲ್ಕು ದಶಕಗಳಷ್ಟು ಮೊದಲೇ ಅದು ಎದ್ದು ನಿಂತಿತ್ತು. ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಇಂದಿಗೂ ಉಳಿದಿರುವ ಕ್ಯಾಥೊಲಿಕ್ ಚರ್ಚುಗಳಲ್ಲಿ ಅದೇ ಹಳೆಯದು.

ಅದರ ಹಿಂದಿದ್ದವರು ಜೇಮ್ಸ್ ಕವನಾ ಮತ್ತು ಮ್ಯಾಥ್ಯೂ ಕಾಟ್ರಿಲ್. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಐರ್ಲೆಂಡ್ ಬಿಟ್ಟು ಬಂದ ಇಬ್ಬರೂ ಡಮರಿಸ್ಕಾಟಾ ನದಿಯ ಆಸುಪಾಸಿನಲ್ಲಿ ನೆಲೆನಿಂತರು. ಸುತ್ತಲೂ ಕಾಡು, ಮರ ಕೊಯ್ಯುವ ಗಿರಣಿ ತಿರುಗಿಸಲು ಹರಿಯುವ ನೀರು, ಕೆಳಗೆ ಸಮುದ್ರಕ್ಕೆ ದಾರಿ. ದಿಮ್ಮಿ ಕೊಯ್ಸಿದರು, ಹಡಗು ಕಟ್ಟಿಸಿದರು, ವೆಸ್ಟ್ ಇಂಡೀಸ್‌ವರೆಗೂ ವ್ಯಾಪಾರ ಹಬ್ಬಿಸಿದರು. ಕೆಲವೇ ವರ್ಷಗಳಲ್ಲಿ ಇಬ್ಬರಿಗೂ ದೊಡ್ಡ ಮನೆಗಳಾದವು. ಕಟ್ಟಿಕೊಟ್ಟವನು ಐರ್ಲೆಂಡಿನವನೇ ಆದ ನಿಕೊಲಸ್ ಕಾಡ್.

ದುಡ್ಡು, ಮನೆ, ಹೆಸರು ಎಲ್ಲ ಬಂತು. ಸಮಾನತೆ ಮಾತ್ರ ಬರಲಿಲ್ಲ. ಮೇಯ್ನ್ ಆಗ ಪ್ರತ್ಯೇಕ ರಾಜ್ಯವಲ್ಲ, ಮ್ಯಾಸಚೂಸೆಟ್ಸ್‌ನ ಭಾಗ. ಅಲ್ಲಿನ 1780ರ ಸಂವಿಧಾನದಂತೆ ಪ್ರತಿ ಊರೂ ತನ್ನ ಪ್ರಾಟೆಸ್ಟೆಂಟ್ ಪಾದ್ರಿಯನ್ನು ತೆರಿಗೆಯ ಹಣದಿಂದ ಸಾಕಬೇಕಿತ್ತು. ಕವನಾ, ಕಾಟ್ರಿಲ್ ಇಬ್ಬರೂ ತೆರಿಗೆ ಕಟ್ಟುತ್ತಿದ್ದರು. ತಾವು ಕಟ್ಟಿದ ಹಣವನ್ನು ತಮ್ಮದೇ ಮತದ ಧರ್ಮಗುರುವಿಗೆ ಸಲ್ಲಿಸಿ ಎಂಬುದು ಅವರ ಬೇಡಿಕೆ. ಬಾಸ್ಟನ್ನಿನ ಫ್ರೆಂಚ್ ಧರ್ಮಗುರು ಫ್ರಾನ್ಸಿಸ್ ಮಾತಿನ್ಯೋನ್ ಹೆಸರಿನಲ್ಲಿ ಮೊಕದ್ದಮೆ ನಡೆಯಿತು. 1801ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಕಾನೂನು ಹೇಳುವುದು ಪ್ರಾಟೆಸ್ಟೆಂಟ್ ಬೋಧಕರ ಬಗ್ಗೆ ಮಾತ್ರ, ಕ್ಯಾಥೊಲಿಕರನ್ನು ಇಲ್ಲಿ ಸಹಿಸಿಕೊಂಡಿದ್ದೇವೆ, ಅದಕ್ಕಿಂತ ಹೆಚ್ಚೇನನ್ನೂ ಅವರು ಬಯಸಬಾರದು ಎಂಬುದು ನ್ಯಾಯಾಲಯದ ನಿಲುವು. ಅದರ ಹಿಂದಿನ ವರ್ಷವಷ್ಟೇ ಜಾನ್ ಷೆವೆರುಸ್ ಎಂಬ ಇನ್ನೊಬ್ಬ ಧರ್ಮಗುರುವನ್ನು, ಮೇಯ್ನ್‌ನಲ್ಲಿ ಕ್ಯಾಥೊಲಿಕ್ ಜೋಡಿಯೊಂದಕ್ಕೆ ಮದುವೆ ಮಾಡಿಸಿದ್ದಕ್ಕಾಗಿ ಕಟಕಟೆಗೆ ಏರಿಸಲಾಗಿತ್ತು. ಶಿಕ್ಷೆಯಾಗಲಿಲ್ಲ, ಅಷ್ಟೇ.

ಇಂಥ ತೀರ್ಪು ಕೇಳಿದವರು ತೆಪ್ಪಗಿದ್ದುಬಿಡಬಹುದಿತ್ತು. ಮೊದಲಿನಂತೆಯೇ ಇದ್ದಬದ್ದ ಕಟ್ಟಡದಲ್ಲಿ ಬಲಿಪೂಜೆ ಮಾಡಿಸಿಕೊಂಡು ಕಾಲ ಹಾಕಬಹುದಿತ್ತು. ಅವರು ಮತ್ತೆ ಕಾಡ್‌ನನ್ನೇ ಕರೆಸಿದರು. 1807ರಲ್ಲಿ ಕೆಲಸ ಶುರುವಾಯಿತು. ಮರಕ್ಕೆ ಬರವಿಲ್ಲದ ಆ ಸೀಮೆಯಲ್ಲಿ ಪ್ರಾರ್ಥನಾ ಮಂದಿರಗಳನ್ನು ಹಲಗೆಯಲ್ಲಿ ಕಟ್ಟುವುದೇ ವಾಡಿಕೆ. ಕಟ್ಟಿಸುತ್ತಿದ್ದವರಾದರೋ ಮರದ ವ್ಯಾಪಾರಿಗಳು. ಆದರೂ ಗೋಡೆ ಎದ್ದದ್ದು ಇಟ್ಟಿಗೆಯಲ್ಲಿ, ಅದೂ ದಪ್ಪ ಗೋಡೆ. ಇದು ಬರೀ ಶ್ರೀಮಂತಿಕೆಯ ತೋರಿಕೆ ಎಂದು ನನಗೆ ಅನ್ನಿಸುವುದಿಲ್ಲ. ಸಹಿಸಿಕೊಂಡಿದ್ದೇವೆ ಎಂದವರಿಗೆ, ನಾವು ಇಲ್ಲಿಂದ ಹೋಗುವವರಲ್ಲ ಎಂದು ಕೊಟ್ಟ ಉತ್ತರ ಅದು.

1808ರ ಜುಲೈ 17ರಂದು ಚರ್ಚನ್ನು ಆಶೀರ್ವದಿಸಿದವರು ಅದೇ ಷೆವೆರುಸ್. ಫ್ರಾನ್ಸಿನ ಕ್ರಾಂತಿಗೆ ಸಿಕ್ಕಿ ದೇಶ ಬಿಟ್ಟವರು ಅವರು. ಬಾಸ್ಟನ್ನಿನಿಂದ ಈ ದೂರದ ಹಳ್ಳಿಗೂ, ಅದರಾಚೆ ಪೆನಾಬ್‌ಸ್ಕಾಟ್, ಪಾಸಮಕ್ವಾಡಿ ಮೂಲನಿವಾಸಿಗಳ ಹಾಡಿಗಳಿಗೂ ಓಡಾಡುತ್ತಿದ್ದರು. ಆ ಜನರ ಭಾಷೆ ಕಲಿತಿದ್ದರು. ಆ ವರ್ಷದ ಏಪ್ರಿಲ್‌ನಲ್ಲೇ ರೋಮ್ ಬಾಸ್ಟನ್ ಧರ್ಮಪ್ರಾಂತ್ಯವನ್ನು ಸ್ಥಾಪಿಸಿ ಅವರನ್ನೇ ಮೊದಲ ಬಿಷಪ್ ಎಂದು ನೇಮಿಸಿತ್ತು. ಆದರೆ ನೆಪೋಲಿಯನ್ ಕಾಲದ ಯುರೋಪಿನಿಂದ ಆದೇಶಪತ್ರ ಸಮುದ್ರ ದಾಟಿ ಬರಲು ತುಂಬ ತಡವಾಯಿತು. ಅವರಿಗೆ ಬಿಷಪ್ ದೀಕ್ಷೆಯಾದದ್ದು 1810ರ ನವೆಂಬರ್ 1ರಂದು. ಮುಂದೆ ಫ್ರಾನ್ಸಿಗೆ ಮರಳಿ ಕಾರ್ಡಿನಲ್ ಪದವಿಗೂ ಏರಿದರು. ಚರ್ಚಿನ ಗಂಟೆ 1818ರದು, ಅಮೆರಿಕದ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಪಾಲ್ ರಿವಿಯರ್ ಕುಟುಂಬದ ಎರಕದ ಮನೆಯಿಂದ ಬಂದದ್ದು. 1973ರಲ್ಲಿ ಕಟ್ಟಡ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

1820ರಲ್ಲಿ ಮೇಯ್ನ್ ಬೇರೆ ರಾಜ್ಯವಾಯಿತು. ಅದರ ಸಂವಿಧಾನ ಯಾವ ಪಂಥಕ್ಕೂ ಕಾನೂನಿನ ಹೆಚ್ಚುಗಾರಿಕೆ ಇಲ್ಲ ಎಂದಿತು. ಮ್ಯಾಸಚೂಸೆಟ್ಸ್ ತನ್ನ ಪಾದ್ರಿ ತೆರಿಗೆಯನ್ನು ಕೈಬಿಡಲು 1833ರವರೆಗೆ ಕಾಯಿತು. ಅಷ್ಟರಲ್ಲಿ ಜೇಮ್ಸ್ ಕವನಾರ ಮಗ ಎಡ್ವರ್ಡ್ ಅಮೆರಿಕದ ಸಂಸತ್ತಿನಲ್ಲಿ ಕುಳಿತಿದ್ದ. ಆಮೇಲೆ ಪೋರ್ಚುಗಲ್‌ನಲ್ಲಿ ದೇಶದ ರಾಜತಾಂತ್ರಿಕ ಪ್ರತಿನಿಧಿಯಾದ. ಕೆನಡಾ ಗಡಿಯ ವ್ಯಾಜ್ಯ ಬಗೆಹರಿಸಿದ 1842ರ ಮಾತುಕತೆಯಲ್ಲಿ ಮೇಯ್ನ್ ಪರವಾಗಿ ಪಾಲ್ಗೊಂಡ. 1843ರಲ್ಲಿ ಗವರ್ನರ್ ಜಾನ್ ಫೇರ್‌ಫೀಲ್ಡ್ ರಾಜೀನಾಮೆ ಕೊಟ್ಟಾಗ, ರಾಜ್ಯ ಸೆನೆಟ್ಟಿನ ಅಧ್ಯಕ್ಷನಾಗಿದ್ದ ಎಡ್ವರ್ಡ್ ಆ ಹೊಣೆ ಹೊತ್ತು, ನ್ಯೂ ಇಂಗ್ಲೆಂಡಿನಲ್ಲಿ ಗವರ್ನರ್ ಅಧಿಕಾರ ನಡೆಸಿದ ಮೊದಲ ಕ್ಯಾಥೊಲಿಕ್ ಆದ.