ಮಾಸಾಶನದ ಹೆಸರಲ್ಲಿ ಬರುವ ಕರೆ: ನಂಬಿರುವುದೇನು, ನಿಜವೇನು

ಅರಸೀಕೆರೆ ಕಡೆಯ ಜಾವಗಲ್, ಬಾಣಾವರ ಇರಲಿ, ಬೇಲೂರು ಕಡೆಯ ಹಳೇಬೀಡು, ಮಾದಿಹಳ್ಳಿ ಇರಲಿ, ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಕೊಟ್ಟು ಕಾಯುತ್ತಿರುವ ಮನೆಯಲ್ಲಿ ಗುರುತಿಲ್ಲದ ನಂಬರಿನ ಕರೆಯನ್ನು ಯಾರೂ ಕಡೆಗಣಿಸುವುದಿಲ್ಲ. ಮಂಜೂರಾದ ಸುದ್ದಿಯೇ ಇರಬಹುದಲ್ಲ! ವಂಚಕನಿಗೆ ಬೇಕಿರುವುದೂ ಆ ನಿರೀಕ್ಷೆಯೇ. "ಅಮ್ಮಾ, ತಾಲ್ಲೂಕು ಆಫೀಸಿಂದ ಮಾತಾಡ್ತಿರೋದು. ನಿಮ್ಮ ಮಗನ ಫೈಲು ನನ್ನ ಮುಂದೇನೇ ಇದೆ. ಸಂಜೆಯೊಳಗೆ ಕೆವೈಸಿ ಆಗ್ಲಿಲ್ಲ ಅಂದ್ರೆ ರಿಜೆಕ್ಟ್ ಆಗುತ್ತೆ" ಎಂದರೆ ಎಂಥವರಿಗೂ ಎದೆ ಝಲ್ಲೆನ್ನುತ್ತದೆ. ಹೀಗೆ ಸಿಕ್ಕಿಬಿದ್ದವರನ್ನು ದಡ್ಡರೆಂದು ಹಳಿಯುವುದು ಅನ್ಯಾಯ. ಅವರನ್ನು ಬೀಳಿಸುವುದು ಊರೆಲ್ಲ ನಂಬಿಕೊಂಡಿರುವ ಕೆಲವು ಅರ್ಧಸತ್ಯಗಳು.

"ನನ್ನ ಹೆಸರು, ಆಧಾರ್ ನಂಬರು, ಅಂಗವೈಕಲ್ಯದ ಪರ್ಸೆಂಟೇಜು ಎಲ್ಲ ಹೇಳ್ತಾರೆ. ಅಂದ್ಮೇಲೆ ಆಫೀಸಿನವರೇ."

ಒಂದು ಅರ್ಜಿ ಎಷ್ಟು ಕೈ ದಾಟುತ್ತದೆ ನೋಡಿ. ಜೆರಾಕ್ಸ್ ಅಂಗಡಿ, ಅರ್ಜಿ ತುಂಬಿಕೊಟ್ಟ ಮಧ್ಯವರ್ತಿ, ಪಟ್ಟಿಯ ಫೋಟೊ ಹಾಕಿದ ವಾಟ್ಸಾಪ್ ಗುಂಪು, ಸರಿಯಾಗಿ ಬರಲಿಲ್ಲವೆಂದು ಬಿಸಾಡಿದ ಪ್ರತಿ. ಇವುಗಳಲ್ಲಿ ಯಾವುದರಿಂದ ಬೇಕಾದರೂ ವಿವರ ಸೋರಬಹುದು. ವಾಟ್ಸಾಪ್ ಚಿತ್ರದಲ್ಲಿ ಗಂಡಭೇರುಂಡ ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಟ್ರೂಕಾಲರ್‌ನಲ್ಲಿ "ಪೆನ್ಷನ್ ಆಫೀಸ್" ಎಂದು ಹೆಸರು ಮೂಡಿಸುವುದೂ ಕಷ್ಟವಲ್ಲ. ಕರೆ ಮಾಡಿದವನಿಗೆ ನಿಮ್ಮ ವಿವರ ಗೊತ್ತಿದೆ ಎಂಬುದರಿಂದ ಅವನು ಯಾರೆಂದು ತಿಳಿಯುವುದಿಲ್ಲ.

"ಓಟಿಪಿ ಯಾರಿಗೂ ಹೇಳಬಾರದು, ಅಷ್ಟು ಗೊತ್ತಿದ್ದರೆ ಸಾಕು."

ಎಲ್ಲ ಎಚ್ಚರಿಕೆ ಫಲಕಗಳಲ್ಲೂ ಇರುವ ಮಾತಿದು. ಆದರೆ ನಮ್ಮ ಹಳ್ಳಿಗಳಲ್ಲಿ ನಡೆಯುವುದು ಬೇರೆ. ಗ್ರಾಮ ಒನ್ ಕೇಂದ್ರದಲ್ಲಿ ಕೂತು ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ ಮೊಬೈಲಿಗೆ ಓಟಿಪಿ ಬರುತ್ತದೆ, ಕಂಪ್ಯೂಟರ್ ಮುಂದೆ ಕೂತ ಹುಡುಗ ಕೇಳುತ್ತಾನೆ, ನಾವು ಹೇಳುತ್ತೇವೆ. ಆಧಾರ್ ಸಂಬಂಧದ ಬಹುತೇಕ ಕೆಲಸಗಳಲ್ಲೂ ಹೀಗೇ. ಸರ್ಕಾರದ ಕೆಲಸವೆಂದರೆ ಓಟಿಪಿಯನ್ನು ಗಟ್ಟಿಯಾಗಿ ಓದಿ ಹೇಳುವುದು ಎಂಬ ಅಭ್ಯಾಸ ಹೀಗೆ ಬೆಳೆದಿದೆ. ನಾಳೆ ಫೋನಿನಲ್ಲಿ ಕೇಳಿದವನಿಗೂ ಬಾಯಿ ತಾನಾಗಿ ಹೇಳಿಬಿಡುತ್ತದೆ. ಹಾಗಾಗಿ ಬರಿಯ "ಹೇಳಬೇಡಿ" ಎಂಬ ಬೋಧನೆ ನನಗೆ ಸಾಲದೆನಿಸುತ್ತದೆ. ಓಟಿಪಿ ಬಂದ ಮೆಸೇಜನ್ನು ಪೂರ್ತಿ ಓದಬೇಕು ಅಥವಾ ನಂಬಿಕಸ್ಥರಿಂದ ಓದಿಸಬೇಕು. ಯಾತಕ್ಕೆ ಬಂದದ್ದು, ಎಷ್ಟು ರೂಪಾಯಿ ಕಡಿತವಾಗುತ್ತದೆ ಎಂಬುದು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ನಾವೇ ಹೋಗಿ ಶುರುಮಾಡಿದ, ಕಣ್ಣೆದುರು ನಡೆಯುತ್ತಿರುವ ಕೆಲಸದ ಓಟಿಪಿ ಒಂದು ಬಗೆಯದು. ತಾನಾಗಿ ಬಂದ ಕರೆಯವನು ಕೇಳುವ ಓಟಿಪಿ ಇನ್ನೊಂದು ಬಗೆಯದು, ಅದನ್ನು ಯಾವ ಕಾರಣಕ್ಕೂ ಕೊಡಬಾರದು. ಕೇಂದ್ರದಲ್ಲೂ "ನಾನೇ ಒತ್ತುತ್ತೇನಪ್ಪ" ಎಂದು ಕೇಳುವ ಹಕ್ಕು ನಮಗಿದೆ.

ಕಣ್ಣು ಕಾಣದವರಿಗೆ ಇಲ್ಲಿ ಇನ್ನೊಂದು ಕಷ್ಟ. ಟಾಕ್‌ಬ್ಯಾಕ್ ಹಾಕಿಕೊಂಡವರ ಫೋನು ಓಟಿಪಿಯನ್ನು ಗಟ್ಟಿಯಾಗಿಯೇ ಓದುತ್ತದೆ, ಮಾತು ನಡೆಯುತ್ತಿರುವಾಗ ಆಚೆ ಕಡೆಯವನ ಕಿವಿಗೂ ಬೀಳಬಹುದು. ಇಯರ್‌ಫೋನ್ ಹಾಕಿಕೊಳ್ಳುವುದು, ಇಲ್ಲವೇ ಮೊದಲು ಕರೆ ಕತ್ತರಿಸಿ ಆಮೇಲೆ ಮೆಸೇಜು ಕೇಳುವುದು ಒಳ್ಳೆಯದು. ಕಿವಿ ಕೇಳದವರಿಗೆ ಇದೇ ಮೋಸ ವಾಟ್ಸಾಪ್ ಸಂದೇಶವಾಗಿಯೋ, "ಅರ್ಜಿಯ ಸ್ಥಿತಿ ನೋಡಿ" ಎನ್ನುವ ಎಪಿಕೆ ಫೈಲಾಗಿಯೋ ಬರುತ್ತದೆ. ಆ ಫೈಲನ್ನು ಇನ್‌ಸ್ಟಾಲ್ ಮಾಡಿ ಅನುಮತಿ ಒತ್ತಿದರೆ ಮೆಸೇಜುಗಳೆಲ್ಲ ಕಳ್ಳನ ಕೈಗೆ ಹೋಗುತ್ತವೆ, ಓಟಿಪಿ ಕೇಳುವ ಅಗತ್ಯವೂ ಅವನಿಗಿರುವುದಿಲ್ಲ.

"ಮಾಸಾಶನದ ಕೆಲಸ ಈಗ ಫೋನಲ್ಲೇ ಆಗುತ್ತೆ."

ಈ ನಂಬಿಕೆಗೆ ಬೇರು ಇದೆ. 2022ರಲ್ಲಿ ರಾಜ್ಯ ಸರ್ಕಾರ "ಹಲೋ ಕಂದಾಯ ಸಚಿವರೇ" ಎಂಬ ಕಾರ್ಯಕ್ರಮ ತಂದಿತು. 155245ಕ್ಕೆ ಕರೆ ಮಾಡಿದರೆ 72 ಗಂಟೆಯಲ್ಲಿ ಮಾಸಾಶನ ಮನೆಬಾಗಿಲಿಗೆ ಎಂದು ಪ್ರಚಾರವೂ ಆಯಿತು. ಆದರೆ ಅಲ್ಲಿ ಕರೆ ಮಾಡುತ್ತಿದ್ದುದು ಅರ್ಜಿದಾರರು, ದಾಖಲೆ ನೋಡಲು ಸಿಬ್ಬಂದಿಯೇ ಮನೆಗೆ ಬರಬೇಕಿತ್ತು. ಇವತ್ತಿಗೂ ಅರ್ಜಿ ಹೋಗುವುದು ನಾಡಕಚೇರಿಗೆ, ಪರಿಶೀಲನೆ ಮಾಡುವವರು ಗ್ರಾಮ ಆಡಳಿತಾಧಿಕಾರಿ, ಮಂಜೂರು ಮಾಡುವವರು ತಹಶೀಲ್ದಾರರು, ಹಣ ನೇರ ಬ್ಯಾಂಕ್ ಅಥವಾ ಅಂಚೆ ಖಾತೆಗೆ. "ಎನ್‌ಪಿಸಿಐ ಆಗಿಲ್ಲ, ಈಗಲೇ ಮಾಡಿಕೊಡ್ತೀನಿ" ಎಂದು ಆಧಾರ್-ಖಾತೆ ಜೋಡಣೆಯ ಹೆಸರಲ್ಲಿ ಕರೆ ಬಂದರೆ ಪಾಸ್‌ಬುಕ್ ಹಿಡಿದು ಖಾತೆ ಇರುವ ಶಾಖೆಗೆ ಹೋಗಿ ವಿಚಾರಿಸಿ. ಅರ್ಜಿಯಲ್ಲಿ ಬರೆದಿರುವ ಮೊಬೈಲ್ ನಂಬರು ಯಾರದು ಎಂಬುದನ್ನೂ ನೋಡಿಕೊಳ್ಳಿ. ಮಧ್ಯವರ್ತಿಯ ನಂಬರಿದ್ದರೆ ನಿಮ್ಮ ಮೆಸೇಜುಗಳೆಲ್ಲ ಅವನಿಗೇ ಹೋಗುತ್ತಿರುತ್ತವೆ.

ಅನುಮಾನ ಬಂದಾಗ ಕೇಳಲು ಊರಲ್ಲೇ ಜನರಿದ್ದಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅಂದರೆ ಎಂಆರ್‌ಡಬ್ಲ್ಯೂ. ಹೆಚ್ಚಿನವರು ತಾವೂ ವಿಕಲಚೇತನರೇ ಆದ್ದರಿಂದ ಈ ಓಡಾಟದ ಸಂಕಟ ಅವರಿಗೆ ಗೊತ್ತು. ಅವರ ನಂಬರನ್ನು ಪಂಚಾಯಿತಿ ಕಚೇರಿಯಲ್ಲಿ ಕೇಳಿ ಮೊದಲೇ ಸೇವ್ ಮಾಡಿಟ್ಟುಕೊಳ್ಳಿ. ಕರೆ ಮಾಡಿದವನೇ ಕೊಟ್ಟ "ಆಫೀಸ್ ನಂಬರ್" ಪ್ರಯೋಜನಕ್ಕೆ ಬರುವುದಿಲ್ಲ.

"ಸ್ವಲ್ಪ ದುಡ್ಡು ಕಳಿಸಿದರೆ ಪರ್ಸೆಂಟೇಜ್ ಜಾಸ್ತಿ ಮಾಡಿಸ್ತಾರಂತೆ."

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಹೆಚ್ಚಿನ ಸವಲತ್ತುಗಳಿಗೆ ಶೇ 40 ಎಂಬುದು ಗಡಿ. ಶೇ 35 ಬಂದವರ ನೋವು ಸಣ್ಣದಲ್ಲ, ವಂಚಕ ಹಿಡಿಯುವುದೂ ಆ ನೋವನ್ನೇ. ಆದರೆ 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರಗಳು ಯುಡಿಐಡಿ ಪೋರ್ಟಲ್ ಮೂಲಕವೇ ಬರುತ್ತಿವೆ. ಪ್ರಮಾಣ ನಿರ್ಧರಿಸುವವರು ದೇಹ ಪರೀಕ್ಷಿಸಿ ನೋಡುವ ವೈದ್ಯರು. ಕಾರ್ಡಿಗೆ ಸರ್ಕಾರ ದುಡ್ಡು ಕೇಳುವುದಿಲ್ಲ. ಗ್ರಾಮ ಒನ್‌ನಲ್ಲಿ ಸೇವಾ ಶುಲ್ಕವೇನಾದರೂ ಕೊಟ್ಟರೆ ಕೌಂಟರಿನಲ್ಲೇ ಕೊಟ್ಟು ರಸೀದಿ ತೆಗೆದುಕೊಳ್ಳಿ. ವೈದ್ಯರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಆ ಕಾಯ್ದೆಯಲ್ಲೇ ಮೇಲ್ಮನವಿಯ ದಾರಿಯಿದೆ. ಸುಳ್ಳು ಪ್ರಮಾಣದ ಆಧಾರದ ಮೇಲೆ ಸವಲತ್ತು ಪಡೆದರೆ ಅದೇ ಕಾಯ್ದೆಯ 91ನೇ ಕಲಮಿನಡಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸಿಕ್ಕಿಬೀಳುವುದು ಕಾರ್ಡಿನ ಮೇಲೆ ಹೆಸರಿರುವವರು, ಫೋನ್ ಮಾಡಿದವನ ಸುಳಿವೂ ಇರುವುದಿಲ್ಲ.

"ದುಡ್ಡು ಬರೋಕೂ ಪಿನ್ ಒತ್ತಬೇಕು" ಎಂಬುದು ಪೂರಾ ಸುಳ್ಳು. ಫೋನ್‌ಪೇ ಆಗಲಿ ಗೂಗಲ್‌ಪೇ ಆಗಲಿ, ಯುಪಿಐ ಪಿನ್ ಒತ್ತಿ ದುಡ್ಡು ಕಳಿಸಿದರೆ ಅದು ಖಾತೆಯಿಂದ ಹೊರಗೇ ಹೋಗುತ್ತದೆ.

"ನನ್ನ ಖಾತೇಲಿ ನೂರು ರೂಪಾಯಿನೂ ಇಲ್ಲ, ಏನ್ ಕದೀತಾರೆ?"

ಬಡವರ ಬಾಯಲ್ಲಿ ಈ ಮಾತು ಕೇಳಿದಾಗ ನನಗೆ ಭಯವಾಗುತ್ತದೆ. ಖಾಲಿ ಖಾತೆಯೂ ಕಳ್ಳರಿಗೆ ಬೇಕು, ಬೇರೆಯವರಿಂದ ದೋಚಿದ ಹಣವನ್ನು ದಾಟಿಸಲು. "ಪಾಸ್‌ಬುಕ್, ಎಟಿಎಂ, ಸಿಮ್ ಕೊಡಿ, ತಿಂಗಳಿಗಿಷ್ಟು ಕೊಡ್ತೀವಿ" ಎಂದು ಕೇಳುವವರ ಕೆಲಸ ಇದೇ. ಆ ಹಣದ ಜಾಡು ಹಿಡಿದು ಪೊಲೀಸರು ಬಂದಾಗ ಖಾತೆ ಫ್ರೀಜ್ ಆಗುತ್ತದೆ. ಖಾತೆಗೆ ಬರುತ್ತಿದ್ದ ಮಾಸಾಶನವೂ ಕೈಗೆ ಸಿಗುವುದಿಲ್ಲ, ಠಾಣೆಯಿಂದ ನೋಟಿಸು ಬೇರೆ.

"ಹೋದದ್ದು ಹೋಯ್ತು, ಹೇಳಿಕೊಂಡರೆ ಮರ್ಯಾದೆ ಹೋಗುತ್ತೆ" ಎಂದು ಸುಮ್ಮನಿರುವವರೇ ಹೆಚ್ಚು. ಸುಮ್ಮನಿರಬೇಡಿ. ಕಳೆದ ಹಣ ಕಳ್ಳರ ಕೈಯಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ಎಲ್ಲಾದರೂ ಒಂದು ಕಡೆ ತಡೆಯಬಹುದು. ಅದಕ್ಕಾಗಿಯೇ 1930 ಸೈಬರ್ ವಂಚನೆ ಸಹಾಯವಾಣಿ ಇರುವುದು. ಬೆಳಗಾಗಲಿ ಎಂದು ಕಾಯದೆ ಕೂಡಲೇ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಓಟಿಪಿ ಕೊಟ್ಟಿದ್ದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು, ತಿಳಿಸುವ ಮುಂಚಿನದು ಮಾತ್ರ ಗ್ರಾಹಕರದು. ಮಾತಾಡಲು, ಕೇಳಲು ಆಗದವರು ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ಬರೆದು ದೂರು ಕೊಡಬಹುದು. ಹಾಸನದಲ್ಲಿ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಠಾಣೆಯಿದೆ, ಅಷ್ಟು ದೂರ ಹೋಗಲಾಗದಿದ್ದರೆ ಹತ್ತಿರದ ಠಾಣೆಯಲ್ಲೇ ದೂರು ಬರೆದುಕೊಡಿ. ಕರೆ ಬಂದ ನಂಬರು, ಮೆಸೇಜು, ಕಡಿತವಾದ ವಿವರ ಯಾವುದನ್ನೂ ಅಳಿಸಬೇಡಿ.

ದೂರು ಕೊಟ್ಟ ಕೆಲವು ದಿನಗಳಲ್ಲಿ ಇನ್ನೊಂದು ಕರೆ ಬರಬಹುದು: "ಸೈಬರ್ ಕ್ರೈಮಿಂದ ಮಾತಾಡ್ತಿದ್ದೀವಿ, ನಿಮ್ಮ ದುಡ್ಡು ಸಿಕ್ಕಿದೆ, ಬಿಡಿಸಿಕೊಳ್ಳೋಕೆ ಇಷ್ಟು ಕಟ್ಟಿ." ಅದೂ ವಂಚಕರದೇ. ತಡೆಹಿಡಿದ ಹಣ ವಾಪಸ್ ಬರುವುದಾದರೆ ನಿಮ್ಮ ಖಾತೆಗೇ ಬರುತ್ತದೆ, ಅದಕ್ಕೆ ಪೊಲೀಸರು ಶುಲ್ಕ ಕೇಳುವುದಿಲ್ಲ.