ಒಕ್ಕಲಾದ ಮನೆಯಲ್ಲಿ ಮೀನು ಸಾಯುವುದು ದೃಷ್ಟಿಯಿಂದಲ್ಲ

ಹೊಸ ಮನೆಯ ಒಕ್ಕಲು ಮುಗಿದು ವಾರ ಕಳೆಯುವುದರೊಳಗೆ ಹಳೆ ಮನೆಯಿಂದ ತಂದ ಅಕ್ವೇರಿಯಂನ ಮೀನುಗಳು ಒಂದೊಂದಾಗಿ ಸಾಯತೊಡಗಿದರೆ ನಮ್ಮ ಕಡೆ ಮೊದಲು ಕೇಳುವ ಮಾತು, “ಮನೆಯವರಿಗೆ ತಗುಲಬೇಕಿದ್ದ ದೃಷ್ಟಿಯನ್ನು ಮೀನು ತೆಗೆದುಕೊಂಡಿತು” ಎಂಬುದು. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟದ ಮನೆಗಳಲ್ಲೂ ಕಾಸರಗೋಡು ಪೇಟೆಯ ಫ್ಲಾಟುಗಳಲ್ಲೂ ಇದೇ ಮಾತು. ಹೇಳಿದವರಿಗೆ ಸಮಾಧಾನ ಸಿಗಬಹುದು. ಆದರೆ ಕಾರಣ ತಪ್ಪಾಗಿ ತಿಳಿದುಕೊಂಡರೆ ಮುಂದೆ ತಂದ ಮೀನುಗಳೂ ಅದೇ ದಾರಿ ಹಿಡಿಯುತ್ತವೆ. ಅವನ್ನು ಕೊಲ್ಲುವುದು ಹೆಚ್ಚಿನ ಸಲ ಅಮೋನಿಯಾ. ಅದನ್ನು ಖಂಡಿತ ತಡೆಯಬಹುದು.

ಮೀನು ಕಿವಿರುಗಳ ಮೂಲಕ ಸದಾ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರವೂ ಹಿಕ್ಕೆಯೂ ಕೊಳೆತು ಅದಕ್ಕೆ ಸೇರುತ್ತವೆ. ಹಳೆಯ ಟ್ಯಾಂಕಿನಲ್ಲಿ ನೈಟ್ರೊಸೊಮೊನಾಸ್‌ನಂಥ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ; ಅದೂ ವಿಷವೇ. ನೈಟ್ರೊಸ್ಪೈರಾ ಬ್ಯಾಕ್ಟೀರಿಯಾಗಳು ಅದನ್ನು ಅಷ್ಟಾಗಿ ತೊಂದರೆ ಕೊಡದ ನೈಟ್ರೇಟ್ ಮಾಡುತ್ತವೆ. ಈ ಜೀವಿಗಳ ದಂಡು ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಮನೆ ಬದಲಿಸುವ ದಿನ ನಾವು ತಿಳಿಯದೆ ಕೊಲ್ಲುವುದು ಇವನ್ನು. ಮೀನು ಅಂದೇ ಸಾಯುವುದಿಲ್ಲ. ವಿಷ ಏರಿ ಮೂರನೆಯದೋ ನಾಲ್ಕನೆಯದೋ ದಿನದಿಂದ ಸಾವು ಶುರುವಾಗುತ್ತದೆ. ಆದ್ದರಿಂದಲೇ ಸಾಗಾಟದ ದಿನದ ತಪ್ಪಿಗೂ ಈ ಸಾವಿಗೂ ನಂಟಿದೆಯೆಂದು ಯಾರಿಗೂ ಹೊಳೆಯುವುದಿಲ್ಲ.

“ಹಳೇ ನೀರನ್ನೇ ಪೂರ್ತಿ ಒಯ್ದರೆ ಸಾಕು”

ಬಲವಾಗಿ ಬೇರೂರಿದ ನಂಬಿಕೆ ಇದು. ಕ್ಯಾನು ಕ್ಯಾನು ನೀರು ಹೊತ್ತು ಸಾಗಿಸಿ, ಫಿಲ್ಟರನ್ನು ಮಾತ್ರ “ಹೊಸ ಮನೆಗೆ ಗಲೀಜು ಯಾಕೆ” ಎಂದು ಸೋಪು ಹಾಕಿ ತಿಕ್ಕಿ ತೊಳೆದುಬಿಡುತ್ತಾರೆ. ಆಗಬೇಕಾದ್ದು ಇದರ ತಿರುಗಾಮುರುಗ. ಆ ಸೂಕ್ಷ್ಮಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದು ತೀರ ಕಡಿಮೆ. ಫಿಲ್ಟರಿನ ಸ್ಪಂಜು, ಸೆರಾಮಿಕ್ ರಿಂಗು, ತಳದ ಜಲ್ಲಿ, ಕಲ್ಲು, ಮರದ ತುಂಡುಗಳ ಮೈಗೆ ಅಂಟಿಕೊಂಡು ಬದುಕುತ್ತವೆ. ಬಳಸಿದ ಸ್ಪಂಜನ್ನು ಹಿಂಡಿದರೆ ಕಂದು ಬಣ್ಣದ ಲೋಳೆ ಇಳಿಯುತ್ತದಲ್ಲ, ಕೊಳೆಯಂತೆ ಕಾಣುವ ಅದರಲ್ಲೇ ನಿಮ್ಮ ಮೀನಿನ ಪ್ರಾಣ ಇದೆ.

ಸ್ಪಂಜನ್ನೂ ರಿಂಗುಗಳನ್ನೂ ಟ್ಯಾಂಕಿನ ನೀರು ತುಂಬಿದ ಬಕೆಟಿನಲ್ಲಿ ಮುಳುಗಿಸಿ, ಬ್ಯಾಟರಿಯ ಏರ್ ಪಂಪಿನಿಂದ ಗಾಳಿ ಬಿಡುತ್ತ ಒಯ್ಯಿರಿ. ಕ್ಯಾನಿಸ್ಟರ್ ಫಿಲ್ಟರನ್ನು ಮುಚ್ಚಿಟ್ಟಂತೆಯೇ ಗಂಟೆಗಟ್ಟಲೆ ಇಟ್ಟರೆ ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ. ಸ್ಪಂಜು ಒಣಗಬಾರದು, ಬಿಸಿಲಿಗೆ ಬೀಳಬಾರದು, ಕ್ಲೋರಿನ್ ಇರುವ ನಲ್ಲಿ ನೀರು ತಾಗಬಾರದು. ಹೊಸ ಮನೆಯಲ್ಲಿ ಮಂಚ, ಕಪಾಟು ಜೋಡಿಸುವ ಮೊದಲು ಫಿಲ್ಟರ್ ಓಡತೊಡಗಬೇಕು. “ರೋಗ ಬಾರದಿರಲಿ” ಎಂದು ಮುಂಜಾಗ್ರತೆಗೆ ನೀಲಿ ಔಷಧ ಸುರಿಯುವುದನ್ನೂ ಬಿಡಿ. ಮೆಥಿಲೀನ್ ಬ್ಲೂ ಇದೇ ಬ್ಯಾಕ್ಟೀರಿಯಾಗಳಿಗೆ ಹಾನಿಕರ.

ಹಾಗೆಂದು ಹಳೆಯ ನೀರು ಬೇಡವೆಂದಲ್ಲ. ಮೀನಿಗೆ ರೂಢಿಯಾದ ನೀರು ಒಮ್ಮೆಲೇ ಬದಲಾಗದಂತೆ ಮೂರನೇ ಒಂದು ಪಾಲೋ ಅರ್ಧವೋ ಒಯ್ದರೆ ಸಾಕು. ಜಲ್ಲಿ ಕದಡುವ ಮೊದಲೇ ಮೇಲಿನ ತಿಳಿನೀರನ್ನು ಪೈಪಿನಿಂದ ಎಳೆದುಕೊಳ್ಳಿ. ಆಮೇಲೆ ಕಲ್ಲು, ಗಿಡ ತೆಗೆದು, ನೀರು ಮೊಣಕೈ ಮುಳುಗದಷ್ಟು ಇಳಿದ ಮೇಲೆ ಮೀನು ಹಿಡಿಯಿರಿ. ತುಂಬಿದ ಟ್ಯಾಂಕಿನಲ್ಲಿ ಬಲೆ ಹಿಡಿದು ಅಟ್ಟಾಡಿಸಿದರೆ ಅರ್ಧ ಜೀವ ಅಲ್ಲೇ ಹೋಗುತ್ತದೆ. ಕೊನೆಗೆ ಜಲ್ಲಿ: ಕೆಳಪದರ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್. ಹಳೆಯ ನೀರಿನಲ್ಲೇ ಚೆನ್ನಾಗಿ ಅಲುಬಿ ಒಯ್ಯಿರಿ.

“ನಾಲ್ಕು ಬೆರಳು ನೀರು ಬಿಟ್ಟು ಹಾಗೇ ಎತ್ತೋಣ”

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 340 ಲೀಟರ್ ನೀರು ಹಿಡಿಯುತ್ತದೆ. ಬಿಟ್ಟ ಆ ನಾಲ್ಕು ಬೆರಳು ನೀರೇ ಸುಮಾರು 40 ಕಿಲೋ, ಜಲ್ಲಿ ಬೇರೆ. ಎತ್ತಿದಾಗ ಗಾಜು ನಮಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ, ಸಿಲಿಕೋನ್ ಅಂಟು ಬಿಡುತ್ತದೆ, ಸೋರುವುದು ಮೂರು ದಿನ ಕಳೆದ ಮೇಲೆ ಗೊತ್ತಾಗುತ್ತದೆ. ಟ್ಯಾಂಕು ಪೂರ್ತಿ ಖಾಲಿಯಾಗಲಿ. ಇಡುವ ಜಾಗ ಮಟ್ಟವಾಗಿರಲಿ, ಅಡಿಗೆ ಥರ್ಮಾಕೋಲ್ ಹಾಳೆ ಇರಲಿ. ಮಹಡಿಯ ಮೇಲಾದರೆ ಕೋಣೆಯ ನಡುವೆ ಬೇಡ, ಬೀಮ್ ಇರುವ ಗೋಡೆಗೆ ಒತ್ತಿ ಇಡಿ. ವಾಸದ ಮನೆಯ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆಯ ಲೆಕ್ಕದಲ್ಲಿ ಕಟ್ಟುವುದು ವಾಡಿಕೆ. ತುಂಬಿದ ಟ್ಯಾಂಕು ತಾನು ನಿಂತ ಅರ್ಧ ಚದರ ಮೀಟರಿನ ಮೇಲೆ ಆ ಲೆಕ್ಕದ ಸುಮಾರು ನಾಲ್ಕು ಪಟ್ಟು ಹೊರೆ ಹಾಕುತ್ತದೆ.

“ಚೀಲದ ತುಂಬ ನೀರಿದ್ದರೆ ಮೀನಿಗೆ ಉಸಿರು”

ಉಸಿರು ಇರುವುದು ಚೀಲದ ಗಾಳಿಯಲ್ಲಿ. 30 ಡಿಗ್ರಿ ಬಿಸಿಯ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ. ಅಷ್ಟೇ ಗಾಳಿಯಲ್ಲಿ 250 ಮಿಲಿಗ್ರಾಂಗಿಂತ ಹೆಚ್ಚು. ಆದ್ದರಿಂದ ನೀರು ಒಂದು ಪಾಲು, ಗಾಳಿ ಎರಡು ಪಾಲು. ಹೊರಡುವ ಒಂದೆರಡು ದಿನ ಮುಂಚಿನಿಂದ ಆಹಾರ ನಿಲ್ಲಿಸಿ. “ಪಾಪ, ಹಸಿದಿರುತ್ತವೆ” ಎಂದು ಹೊರಡುವ ಮುನ್ನ ಹಾಕುವ ಒಂದು ಚಿಟಿಕೆಯೇ ಚೀಲದೊಳಗಿನ ವಿಷವಾಗುತ್ತದೆ. ಚೀಲಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಟ್ಟರೆ ಬಿಸಿಯೇರುವುದಿಲ್ಲ. ಬೇಸಗೆಯಲ್ಲಂತೂ ಬೆಳಗ್ಗೆ ಬೇಗ ಹೊರಡುವುದು ಮುಖ್ಯ. ದಕ್ಕೆಯ ಮೀನು ತಂದ ಪೆಟ್ಟಿಗೆಯಾದರೆ ಉಪ್ಪು, ವಾಸನೆ ಹೋಗುವವರೆಗೆ ತೊಳೆಯಿರಿ.

“ನಮ್ಮದು ಬಾವಿ ನೀರು, ಕ್ಲೋರಿನ್ ಇಲ್ಲ, ನೇರ ಸುರಿಯಬಹುದು”

ಕಾಸರಗೋಡಿನವರು ಎಡವುವುದು ಇಲ್ಲಿ. ನಮ್ಮ ಮುರಕಲ್ಲಿನ ನೆಲದ ಬಾವಿ, ಸುರಂಗಗಳ ನೀರು ಸಾಮಾನ್ಯವಾಗಿ ಮೃದು, ತುಸು ಹುಳಿ ಗುಣದ್ದು. ಪಿಎಚ್ 7ಕ್ಕಿಂತ ಕೆಳಗೆ. ಆಗಷ್ಟೇ ಮೇಲೆತ್ತಿದ ನೆಲದಡಿಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ. ಒಂದು ದಿನ ಗಾಳಿ ಬಿಟ್ಟ ಮೇಲೆಯೇ ಅದು ಮೀನಿಗೆ ಯೋಗ್ಯ. ಹೊಸ ಮನೆಯ ಬಾವಿಗಾದರೆ ಬ್ಲೀಚಿಂಗ್ ಪೌಡರ್ ಹಾಕಿರುವ ಸಂಭವ ಹೆಚ್ಚು; ಮಳೆಗಾಲದಲ್ಲಿ ಹಳೆಯ ಬಾವಿಗಳಿಗೂ ಹಾಕುತ್ತಾರೆ. ಹಾಕಿದ್ದು ಯಾವಾಗ ಎಂದು ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಇದಕ್ಕಿಂತ ಮೋಸದ್ದು ಹೊಸ ಸಿಮೆಂಟು ಟ್ಯಾಂಕ್. ಅದರಿಂದ ಸುಣ್ಣದಂಶ ಬಿಟ್ಟು ನೀರಿನ ಪಿಎಚ್ ಏರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯಾದಲ್ಲಿ ವಿಷಕಾರಿ ಅಂಶ ಸುಮಾರು ಹತ್ತು ಪಟ್ಟಾಗುತ್ತದೆ. ಮುಳ್ಳೇರಿಯದ ಸುರಂಗದ ನೀರಿನಲ್ಲಿ ಸುಖವಾಗಿದ್ದ ಮೀನು ಹೊಸ ಮನೆಯ ತೊಟ್ಟಿ ನೀರಿನಲ್ಲಿ ಒದ್ದಾಡುವುದು ಇದರಿಂದ. ಕರಾವಳಿಗೆ ಬಂದರೆ ಉಪ್ಪಿನ ಚಿಂತೆ ಬೇರೆ. ಪಯಸ್ವಿನಿಗೆ ಬಾವಿಕ್ಕರೆಯಲ್ಲಿ ಶಾಶ್ವತ ಕಟ್ಟ ಆಗುವ ಮೊದಲು ಬೇಸಗೆಯಲ್ಲಿ ಕಾಸರಗೋಡು ಪೇಟೆಯ ನಲ್ಲಿಗಳಲ್ಲೇ ಉಪ್ಪುನೀರು ಬಂದದ್ದು ಹಲವರಿಗೆ ನೆನಪಿರಬಹುದು. ಕಡಲ ಬದಿಯ ಬಾವಿಗಳಲ್ಲಿ ಈಗಲೂ ಅದು ಇದ್ದದ್ದೇ. ಎರಡೂ ಮನೆಗಳ ನೀರಿನ ಪಿಎಚ್ ಅನ್ನು ಅಗ್ಗದ ಕಿಟ್ಟಿನಲ್ಲಿ ಅಳೆದು, ಅಂತರವಿದ್ದರೆ ಹೊಸ ನೀರನ್ನು ಹನಿಹನಿಯಾಗಿ ಬೆರೆಸುತ್ತ ಮೀನನ್ನು ಒಗ್ಗಿಸಿ.

ಹೊಸ ಮನೆಯ ಗಾಳಿಯನ್ನೂ ಮರೆಯಬಾರದು. ಏರ್ ಪಂಪು ಪೈಂಟು, ಥಿನ್ನರ್, ವಾರ್ನಿಶಿನ ಆವಿಯನ್ನೂ ಗಣಹೋಮದ ಹೊಗೆಯನ್ನೂ ನೇರ ನೀರಿಗೆ ಇಳಿಸುತ್ತದೆ. ಒಕ್ಕಲಿನ ದಿನ ಚಾವಡಿಯಲ್ಲಿ ಮೀನು ಚೆಂದ ಕಾಣಲಿ ಎಂಬ ಆಸೆ ಸಹಜ. ಆದರೂ ನನ್ನ ಕೋರಿಕೆ: ನೆಂಟರೆಲ್ಲ ಹೋಗಿ ಬಣ್ಣದ ವಾಸನೆ ಆರಿದ ಮೇಲೆಯೇ ಅವನ್ನು ತನ್ನಿ.

ಬಂದ ಮೊದಲ ವಾರ ಆಹಾರ ಅರ್ಧ. ದಿನಕ್ಕೊಮ್ಮೆ ಅಮೋನಿಯಾ ಪರೀಕ್ಷೆ. ಕಂಡುಬಂದರೆ ಅಂದೇ ಕಾಲು ಪಾಲು ನೀರು ಬದಲಾವಣೆ. ಹೊಸ ಮೀನು ಒಂದು ತಿಂಗಳು ಬೇಡ.

“ಹೆಚ್ಚಾದ ಮೀನನ್ನು ಹೊಳೆಗೆ ಬಿಟ್ಟರೆ ಪುಣ್ಯ”

ಸಣ್ಣ ಮನೆಗೆ ಹೋಗುವವರು ದೊಡ್ಡ ಮೀನುಗಳನ್ನು ದೇವಸ್ಥಾನದ ಕೆರೆಗೋ ಹೊಳೆಗೋ ಬಿಡುವುದುಂಟು. ದಯವಿಟ್ಟು ಬಿಡಬೇಡಿ. 2018ರ ನೆರೆಯ ಬಳಿಕ ಕೇರಳದ ಹೊಳೆಗಳಲ್ಲಿ ದಕ್ಷಿಣ ಅಮೆರಿಕದ ಅರಪೈಮಾ, ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಬಲೆಗೆ ಬಿದ್ದವು. ಗಾಜು ಒರೆಸುವ ಸಕ್ಕರ್ ಮೀನು ತಿರುವನಂತಪುರದ ತೋಡುಗಳಲ್ಲಿ ನೆಲೆಯೂರಿದೆ. ಇತ್ತ ನಮ್ಮದೇ ಪಶ್ಚಿಮ ಘಟ್ಟದ ಹೊಳೆಗಳಲ್ಲಿ, ಸುಳ್ಯದ ಕಡೆಯಲ್ಲೂ, ಬದುಕುವ ಕೆಂಪು ಪಟ್ಟೆಯ ‘ಮಿಸ್ ಕೇರಳ’ ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಹೆಚ್ಚಾದ ಮೀನುಗಳನ್ನು ಕೊಂಡ ಅಂಗಡಿಗೇ ಮರಳಿ ಕೊಡಬಹುದೇ ಎಂದು ಕೇಳಿ, ಇಲ್ಲವೇ ಸಾಕುವ ಪರಿಚಿತರಿಗೆ ಕೊಡಿ; ಟ್ಯಾಂಕು ಕಳಚುವ ವಾರಕ್ಕೆ ಮುಂಚೆಯೇ ಮಾತಾಡಿಕೊಂಡಿದ್ದರೆ ಕೊನೆ ಗಳಿಗೆಯ ಗಡಿಬಿಡಿ ಇರುವುದಿಲ್ಲ.