ಓನರ್ ಅಮ್ಮನ ಜೊತೆ ಗ್ರಹಣದ ಮಾತು

ಬೆಂಗಳೂರಿನ ಮೂಡಲಪಾಳ್ಯದಲ್ಲಿ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಕೆಳಗೆ ಓನರ್, ಮೇಲೆ ಎರಡೋ ಮೂರೋ ಬಾಡಿಗೆ ಮನೆ. ಒಬ್ಬರ ಕುಕ್ಕರ್ ಕೂಗಿದ್ದು ಇನ್ನೊಬ್ಬರಿಗೆ ಕೇಳುತ್ತದೆ, ಒಬ್ಬರ ನಂಬಿಕೆ ಇನ್ನೊಬ್ಬರ ಮೆಟ್ಟಿಲು ಹತ್ತುತ್ತದೆ. 2019ರ ಡಿಸೆಂಬರ್ 26ರಂದು ಬೆಳಗ್ಗೆ ಸುಮಾರು ಎಂಟರಿಂದ ಹನ್ನೊಂದರವರೆಗೆ ಬೆಂಗಳೂರಿನಲ್ಲಿ ಸೂರ್ಯಗ್ರಹಣ ಕಾಣಿಸಿತ್ತು. ಅಂಥ ದಿನ ಮೇಲಿನ ಮನೆಯ ಬಸುರಿಗೆ ಕೆಳಗಿನ ಓನರ್ ಅಮ್ಮ ಹೇಳುವ ಮಾತು ಇಲ್ಲಿ ಯಾರಿಗೂ ಹೊಸದಲ್ಲ: "ಹೊರಗೆ ಬರಬೇಡ ಕಣಮ್ಮ, ಚಾಕು ಮುಟ್ಟಬೇಡ, ಮಗೂಗೆ ತುಟಿ ಸೀಳುತ್ತೆ." ಹೇಳುವವರದು ಅಕ್ಕರೆ. ಕೇಳುವವಳಿಗೆ ಅದು ನಿಜವಲ್ಲವೆಂದು ಗೊತ್ತು. ಆದರೆ ನಾಳೆಯೂ ನೀರಿನ ಮೋಟಾರು ಹಾಕಿ ಎಂದು ಇವರನ್ನೇ ಕೇಳಬೇಕು. ಏನೆಂದು ಉತ್ತರ ಕೊಡುವುದು?

ಮೊದಲು ವಿಷಯ ಸ್ಪಷ್ಟವಾಗಲಿ. ಮಗುವಿನ ತುಟಿ ಕೂಡಿಕೊಳ್ಳುವುದು ಗರ್ಭದ ನಾಲ್ಕನೇ ವಾರದಿಂದ ಏಳನೇ ವಾರದೊಳಗೆ, ಎಷ್ಟೋ ತಾಯಂದಿರಿಗೆ ಬಸಿರು ಖಚಿತವಾಗುವ ಹೊತ್ತಿಗೆ. ಅದು ಕೂಡಿಕೊಳ್ಳದಿರಲು ವಂಶವಾಹಿಗಳು, ತಂಬಾಕು, ಮೊದಲೇ ಇದ್ದ ಸಕ್ಕರೆ ಕಾಯಿಲೆ, ಕೆಲವು ಔಷಧಿಗಳು ಕಾರಣವಾಗಬಹುದು. ಚಂದ್ರನ ನೆರಳು ಕಾರಣವಲ್ಲ. ಗ್ರಹಣದ ಸೂರ್ಯ ಹೊಸ ಕಿರಣವನ್ನೇನೂ ಕಳಿಸುವುದಿಲ್ಲ. ಆದರೆ ಗ್ರಹಣದ ಎಚ್ಚರಿಕೆಗಳಲ್ಲಿ ಒಂದು ಪೂರ್ತಿ ನಿಜ: ಬರಿಗಣ್ಣಿನಲ್ಲಿ ನೋಡಬಾರದು. ರೆಟಿನಾದಲ್ಲಿ ನೋವು ಗುರುತಿಸುವ ನರಗಳಿಲ್ಲ, ಸುಟ್ಟರೂ ತಿಳಿಯುವುದಿಲ್ಲ. ಮಾತು ಇಲ್ಲಿಂದ ಶುರುವಾದರೆ ಒಳ್ಳೆಯದು, ಏಕೆಂದರೆ ಇಲ್ಲಿ ಇಬ್ಬರೂ ಒಂದೇ ಕಡೆ ಇದ್ದಾರೆ.

ನೇರವಾಗಿ "ಅದೆಲ್ಲ ಸುಳ್ಳು" ಎಂದುಬಿಟ್ಟರೆ ಏನಾಗುತ್ತದೆ? 2016ರಲ್ಲಿ ಜೋನಾಸ್ ಕಾಪ್ಲಾನ್ ಮತ್ತು ಸಂಗಡಿಗರು ಗಟ್ಟಿ ರಾಜಕೀಯ ನಿಲುವಿನ 40 ಅಮೆರಿಕನ್ನರನ್ನು, ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಅವರ ನಂಬಿಕೆಗಳಿಗೆ ಎದುರು ವಾದಗಳನ್ನು ತೋರಿಸಿದರು. ಬಲ್ಬು ಕಂಡುಹಿಡಿದವನು ಎಡಿಸನ್ ಎಂಬಂಥ ಮಾತುಗಳಲ್ಲಿ ಜನ ಸುಲಭವಾಗಿ ಸಡಿಲಾದರು. ರಾಜಕೀಯದ ಮಾತಿಗೆ ಬಂದಾಗ ಬಗ್ಗಲಿಲ್ಲ. ಆಗ ಹೆಚ್ಚು ಚುರುಕಾದದ್ದು 'ನಾನು ಯಾರು' ಎಂದು ಯೋಚಿಸುವಾಗ ಕೆಲಸ ಮಾಡುವ ಮಿದುಳಿನ ಜಾಲ. ಹೆಚ್ಚು ಪಟ್ಟು ಹಿಡಿದವರಲ್ಲಿ ಬೆದರಿಕೆಗೆ ಸ್ಪಂದಿಸುವ ಅಮಿಗ್ಡಾಲ, ಇನ್ಸುಲಾಗಳೂ ಹೆಚ್ಚು ಕೆಲಸ ಮಾಡಿದವು. ಇದು ಚಿಕ್ಕ ಅಧ್ಯಯನ, ದೊಡ್ಡ ತೀರ್ಮಾನಕ್ಕೆ ಸಾಲದು. ಆದರೆ ಅತ್ತೆ ಹೇಳಿಕೊಟ್ಟ, ತಾಯಿ ಪಾಲಿಸಿದ ಆಚಾರವನ್ನು ಹಳಿದರೆ ಓನರ್ ಅಮ್ಮನಿಗೆ ತನ್ನ ಮನೆತನವನ್ನೇ ಹಳಿದಂತೆ ಕೇಳಿಸುವುದು ಏಕೆಂದು ಊಹಿಸಲು ಇದು ನೆರವಾಗುತ್ತದೆ.

ಹಾಗಾದರೆ ಸುಮ್ಮನಿರಬೇಕೇ? ಬೇಡ. ತಿದ್ದಲು ಹೋದರೆ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ ಎಂಬ ಮಾತು 2010ರ ಒಂದು ಸಂಶೋಧನೆಯಿಂದ ಜನಪ್ರಿಯವಾಯಿತು. ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ ಅದನ್ನು ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ, 52 ವಿಷಯಗಳಲ್ಲಿ ಪರೀಕ್ಷಿಸಿ ನೋಡಿದರು. 2019ರಲ್ಲಿ ಅಚ್ಚಾದ ಅವರ ಫಲಿತಾಂಶದಲ್ಲಿ ಅಂಥ ತಿರುಗೇಟು ಹೆಚ್ಚುಕಡಿಮೆ ಕಾಣಲೇ ಇಲ್ಲ. ಸರಿಯಾದ ಮಾಹಿತಿ ಕೊಟ್ಟಾಗ ಸಾಮಾನ್ಯವಾಗಿ ಜನ ಸತ್ಯದ ಕಡೆಗೇ ವಾಲಿದರು. ನನಗೆ ತುಂಬ ಸಮಾಧಾನ ಕೊಟ್ಟ ಫಲಿತಾಂಶ ಇದು. ಸತ್ಯ ಹೇಳಬಹುದು, ಹೇಳುವ ರೀತಿ ನೋಡಿಕೊಳ್ಳಬೇಕು.

ಆ ರೀತಿಯ ಬಗ್ಗೆಯೂ ಪ್ರಯೋಗಗಳಾಗಿವೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಮಯಾಮಿಯಲ್ಲಿ ನಡೆದ ಒಂದು ಪ್ರಚಾರವನ್ನು ಅಳೆದು ನೋಡಿದರು: ಕಾರ್ಯಕರ್ತರು ಮನೆಮನೆಗೆ ಹೋಗಿ ಲಿಂಗಪರಿವರ್ತಿತರ ಬಗ್ಗೆ ಸುಮಾರು ಹತ್ತು ನಿಮಿಷ ಮಾತನಾಡಿದರು. ಪೂರ್ವಗ್ರಹ ತಗ್ಗಿತು, ಮೂರು ತಿಂಗಳಾದರೂ ಆ ಬದಲಾವಣೆ ಉಳಿದಿತ್ತು. ಯಾವುದು ಕೆಲಸ ಮಾಡಿತು ಎಂದು ಮುಂದೆ ಬಿಡಿಸಿ ನೋಡಿದಾಗ ಸಿಕ್ಕಿದ್ದು ಇಷ್ಟು: ತಪ್ಪು ಎಣಿಸದೆ ಎದುರಿನವರ ಅನುಭವ ಕೇಳುವುದು, ತಮ್ಮದನ್ನೂ ಹೇಳಿಕೊಳ್ಳುವುದು. ಬರೀ ವಾದ ಮುಂದಿಟ್ಟಾಗ ಆ ಪರಿಣಾಮ ಸಿಗಲಿಲ್ಲ. "ನಿಮ್ಮ ಕಾಲದಲ್ಲಿ ಗ್ರಹಣದ ದಿನ ಏನು ಮಾಡ್ತಿದ್ರಿ ಅಮ್ಮ? ಯಾರಿಗಾದರೂ ಹಾಗಾಗಿದ್ದು ನೋಡಿದ್ದೀರಾ?" ಎಂದು ನಿಜವಾದ ಕುತೂಹಲದಿಂದ ಕೇಳಿದರೆ ಬಹುಶಃ ಒಂದು ಮಗುವಿನ ನೆನಪು ಹೊರಬರುತ್ತದೆ, ಹಿಂದೆಯೇ ಒಂದು ಹಳೆಯ ಭಯ. "ನಮ್ಮ ಡಾಕ್ಟರ್ ನಂಗೆ ಹೀಗೆ ಹೇಳಿದ್ರು" ಎನ್ನಲು ಅದೇ ಸರಿಯಾದ ಹೊತ್ತು.

ನಮ್ಮ ಕಡೆಯ ಜ್ಞಾನವನ್ನೂ ಒಮ್ಮೆ ತಟ್ಟಿ ನೋಡಬೇಕು. ಜಿಪ್ಪು, ಫ್ಲಶ್ ಹೇಗೆ ಕೆಲಸ ಮಾಡುತ್ತವೆ ಎಂದು ಗೊತ್ತೆನ್ನುವವರು ವಿವರಿಸಲು ಹೊರಟಾಗ ತಡವರಿಸುತ್ತಾರೆ ಎಂದು ರೋಝೆನ್‌ಬ್ಲಿಟ್ ಮತ್ತು ಕೀಲ್ 2002ರಲ್ಲಿ ತೋರಿಸಿದರು. ರಾಹುವನ್ನು ನಂಬದ ನಾವು, ಪ್ರತಿ ಅಮಾವಾಸ್ಯೆಗೂ ಗ್ರಹಣ ಏಕಾಗುವುದಿಲ್ಲ ಎಂದು ಹೇಳಬಲ್ಲೆವೇ? ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆಯಾಗಿದೆ. ಹೆಚ್ಚಿನ ಅಮಾವಾಸ್ಯೆಗಳಲ್ಲಿ ಅವನ ನೆರಳು ಭೂಮಿಯ ಮೇಲೋ ಕೆಳಗೋ ಹಾದುಹೋಗುತ್ತದೆ. ಇದನ್ನು ತೊದಲದೆ ಹೇಳಲು ಬರುವವರೆಗೆ ನಮ್ಮ ದನಿಯೂ ತಗ್ಗಿಯೇ ಇರಲಿ.

ಮೂಡಲಪಾಳ್ಯದಿಂದ ನಾಗರಭಾವಿ ದಾಟಿದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ. ಆ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೊಂದು ಸಮಿತಿ ರಚಿಸಿದರು. ಅದು ಕೈ ಹಾಕಿದ್ದು ಪವಾಡಗಳಿಗೆ ಮತ್ತು ಪರೀಕ್ಷಿಸಿ ನೋಡಲು ಸಾಧ್ಯವಿರುವ ಮೂಢನಂಬಿಕೆಗಳಿಗೆ. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ನರಸಿಂಹಯ್ಯನವರು ಪತ್ರ ಬರೆದು, ಪವಾಡಗಳನ್ನು ಪರೀಕ್ಷಿಸಲು ಅವಕಾಶ ಕೋರಿದರು. ಅವಕಾಶ ಸಿಗಲಿಲ್ಲ.

ಪರೀಕ್ಷಿಸಿ ನೋಡಬಹುದಾದ ನಂಬಿಕೆಗಳಿಗೆ ಮಾತ್ರ ಕೈ ಹಾಕುವ ಆ ಸಮಿತಿಯ ಗೆರೆ ನೆರೆಹೊರೆಯಲ್ಲೂ ಬೇಕು. ಗ್ರಹಣಕ್ಕೂ ಸೀಳುತುಟಿಗೂ ನಂಟಿದೆಯೇ ಎಂಬುದನ್ನು ಪರೀಕ್ಷಿಸಬಹುದು. ಪಕ್ಕದ ಮನೆಯವರು ಮಾಂಸ ತಿನ್ನುತ್ತಾರೆ, ಮೂವತ್ತೈದಾದರೂ ಮದುವೆ ಬೇಡ ಎನ್ನುತ್ತಾರೆ, ಸೋಮವಾರ ಉಪವಾಸ ಮಾಡುತ್ತಾರೆ ಎಂಬುದು ಅವರ ಬದುಕು. ಅಲ್ಲಿ ಗೆಲ್ಲಬೇಕಾದ ವಾದವೇ ಇಲ್ಲ. ಆಯ್ಕೆಯನ್ನು ಯಾರೋ ಕಿತ್ತುಕೊಳ್ಳುತ್ತಿದ್ದಾರೆ ಅನ್ನಿಸಿದರೆ ಮನುಷ್ಯ ಅದನ್ನೇ ಬಿಗಿಯಾಗಿ ಹಿಡಿಯುತ್ತಾನೆ ಎಂದು ಜಾಕ್ ಬ್ರೆಮ್ 1966ರಲ್ಲೇ ಬರೆದಿದ್ದಾರೆ. "ಯಾವಾಗಪ್ಪ ಊಟ ಹಾಕಿಸ್ತೀಯ?" ಎಂದು ಪದೇ ಪದೇ ಕೇಳುವುದರಿಂದ ಯಾರ ಮದುವೆಯೂ ಹತ್ತಿರವಾಗುವುದಿಲ್ಲ.

ದೇಹಕ್ಕೆ ಅಪಾಯ ಬಂದಾಗ ಮಾತ್ರ ಲೆಕ್ಕ ಬೇರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಂಡು, ಗ್ರಹಣ ಮುಗಿಯುವವರೆಗೆ ತಿನ್ನಬಾರದೆಂದು ಊಟ ಬಿಟ್ಟವರ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. "ಗ್ರಹಣ ಹಿಡಿಯೋ ಮುಂಚೆನೇ ತಿಂಡಿ ತಿಂದುಬಿಡಿ ಅಮ್ಮ, ಇನ್ಸುಲಿನ್ ಬಗ್ಗೆ ಡಾಕ್ಟರನ್ನ ಕೇಳೋಣ" ಎಂದರೆ ಅವರ ಆಚಾರವೂ ಉಳಿಯಿತು, ಜೀವಕ್ಕೂ ತೊಂದರೆಯಿಲ್ಲ. ಎಲ್ಲ ಕಡೆ ಇಂಥ ನಡುದಾರಿ ಇರುವುದಿಲ್ಲ. ಅದೇ 2019ರ ಗ್ರಹಣದ ಬೆಳಗ್ಗೆ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆಂದು ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಅಂಥಲ್ಲಿ ಮೊದಲು ಮಗುವನ್ನು ಮೇಲೆತ್ತಬೇಕು. ಆಮೇಲೆ ಆ ತಂದೆತಾಯಿಯ ಪಕ್ಕ ಕೂತು ಎಷ್ಟು ವರ್ಷದಿಂದ, ಯಾವ ಯಾವ ಆಸ್ಪತ್ರೆ ಸುತ್ತಿದ್ದಾರೆ ಎಂದು ಕೇಳಬೇಕು. ಜಿಲ್ಲಾಸ್ಪತ್ರೆಯಲ್ಲಿ ಫಿಸಿಯೊಥೆರಪಿಗೆ ಯಾರನ್ನು ಕಾಣಬೇಕೆಂದು ವಿಚಾರಿಸಿ, ಜೊತೆಯಲ್ಲೇ ಹೋಗಬೇಕು.